ದುಡ್ಡು ನಡೆಯದ ದಿನಕ್ಕೆ ಚಿಲ್ಲರೆ ಸಾಮಾನು: ಮುಂಬೈ ಫ್ಲ್ಯಾಟಿನಲ್ಲಿ ಸಾಟಿ ವ್ಯಾಪಾರಕ್ಕೆ ದಾಸ್ತಾನು ಮಾಡುವ ಬಗೆ

ನಮ್ಮ ಬಿಲ್ಡಿಂಗಿಗೆ ತಿಂಗಳಿಗೊಮ್ಮೆ ಭಾಂಡಿವಾಲಿ ಬರುತ್ತಾಳೆ. ತಲೆಯ ಮೇಲೆ ಸ್ಟೀಲ್ ಪಾತ್ರೆಗಳ ಬುಟ್ಟಿ, ಹೆಗಲಲ್ಲಿ ಹಳೇ ಬಟ್ಟೆಯ ಗಂಟು. ಮೆಟ್ಟಿಲ ಮೇಲೇ ಕೂತು ಬುಟ್ಟಿ ಇಳಿಸುತ್ತಾಳೆ. ಎರಡು ಪ್ಯಾಂಟು, ಒಂದು ಸೀರೆ ಕೊಟ್ಟರೆ ಒಂದು ಡಬ್ಬಿ. ಸೀರೆಗೆ ಜರಿ ಇದ್ದರೆ ಡಬ್ಬಿಯ ಜತೆ ಒಂದು ತಟ್ಟೆ. ದುಡ್ಡಿನ ಮಾತೇ ಬರುವುದಿಲ್ಲ. ಹಳಬರು ಇದನ್ನು ಸಾಟಿ ವ್ಯಾಪಾರ ಅನ್ನುತ್ತಿದ್ದರು. ಡೊಂಬಿವಲಿಯಂಥ ಊರಲ್ಲಿ, ಲೋಕಲ್ ಟ್ರೈನಿನ ಸದ್ದು ಕೇಳುವಷ್ಟು ಹತ್ತಿರದಲ್ಲಿ, ಅದು ಇವತ್ತಿಗೂ ಬದುಕಿದೆ.

ಸಾಟಿಗೆ ಅಂತ ಸಾಮಾನು ಕೂಡಿಡುವ ಯೋಚನೆ ನನಗೆ ಬಂದದ್ದು ಮೂರು ಸಲದ ಪೆಟ್ಟಿನಿಂದ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿಯಿತು. ಪರ್ಸಿನಲ್ಲಿ ದುಡ್ಡಿತ್ತು, ಕೊಳ್ಳಲು ಅಂಗಡಿಯೇ ತೆರೆದಿರಲಿಲ್ಲ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಅಂಗಡಿ ತೆರೆದಿತ್ತು, ದುಡ್ಡಿಗೇ ಬೆಲೆ ಇರಲಿಲ್ಲ. 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬೈ ಭಾಗಕ್ಕೆ ಕರೆಂಟ್ ಹೋಯಿತು. ಟ್ರೈನು ನಿಂತಿತು, ಮೊಬೈಲಿನ ಸಿಗ್ನಲ್ ಸತ್ತಿತು, ಫೋನಿನಲ್ಲಿದ್ದ ದುಡ್ಡು ಫೋನಿನಲ್ಲೇ ಉಳಿಯಿತು. ಮೂರೂ ಸಲ ಕೊನೆಗೆ ಸರಿಹೋಯಿತು ನಿಜ. ಸರಿಹೋಗದಿದ್ದರೆ? ಎಲ್ಲ ವ್ಯವಸ್ಥೆ ಕುಸಿದು, ವಾರಗಟ್ಟಲೆ, ತಿಂಗಳುಗಟ್ಟಲೆ ಹಾಗೇ ಉಳಿದರೆ?

ಈ ಬಗ್ಗೆ ಮಾತೆತ್ತಿದರೆ ಜನ ಮೊದಲು ಬಂಗಾರದ ಸುದ್ದಿ ಎತ್ತುತ್ತಾರೆ. ಆಮೇಲೆ ಅಕ್ಕಿ ಮೂಟೆ. ನನ್ನ ಲೆಕ್ಕ ಬೇರೆ. ಸಾಟಿಗೆ ಬೇಕಾದ್ದು ದೊಡ್ಡ ದಾಸ್ತಾನಲ್ಲ, ಚಿಲ್ಲರೆ. ನೂರು ಜನರಿಗೆ ಸ್ವಲ್ಪ ಸ್ವಲ್ಪ ಬೇಕಾಗುವ, ಸಣ್ಣ ಪೊಟ್ಟಣದಲ್ಲಿ ಕೈ ದಾಟುವ ಸಾಮಾನು. ಅಂಗಡಿಯವನು ಒಂದು ರೂಪಾಯಿ ಚಿಲ್ಲರೆ ಇಲ್ಲ ಅಂತ ಚಾಕಲೇಟು ಕೊಡುತ್ತಿದ್ದನಲ್ಲ, ಆ ಚಾಕಲೇಟಿನ ಜಾತಿಯದು.

ಶುರು ಮಾಡುವ ಮುಂಚೆ

ಮನೆಯವರಿಗೆ ಬೇಕಾದ ಅಕ್ಕಿ, ಬೇಳೆ, ನೀರು, ಔಷಧಿ ಮೊದಲು. ಒಂದು ತಿಂಗಳ ಊಟದ ಸಾಮಾನು ಮನೆಯಲ್ಲಿ ಇಲ್ಲದೆ ಸಾಟಿಗೆ ಅಂತ ಮೇಣದ ಬತ್ತಿ ಕೂಡಿಡುವುದು ಅಡಿಗೆ ಮಾಡದೆ ಎಲೆ ಹಾಕಿದ ಹಾಗೆ. ಕುಡಿಯುವ ನೀರು ತಲೆಗೆ ದಿನಕ್ಕೆ 3 ಲೀಟರ್ ಲೆಕ್ಕದಲ್ಲಿ ಕನಿಷ್ಠ ಒಂದು ವಾರದ್ದು ಇರಲಿ. ನಾಲ್ಕು ಜನರಿಗೆ 84 ಲೀಟರ್ ಆಯಿತು. 20 ಲೀಟರಿನ ಕ್ಯಾನು ಐದು ಇಟ್ಟರೆ ಮುಗಿಯಿತು.

ಇನ್ನೊಂದು ಮಾತು. ಕೊಳ್ಳುವುದನ್ನು ಮಾರುಕಟ್ಟೆ ತುಂಬಿರುವಾಗ ಕೊಳ್ಳಿ. ಗಲಾಟೆ ಶುರುವಾದ ಮೇಲೆ ಅಂಗಡಿಗೆ ನುಗ್ಗಿ ಎರಡು ಮೂಟೆ ಎತ್ತಿಕೊಂಡು ಬಂದರೆ ಪಕ್ಕದವರ ತಟ್ಟೆಗೇ ಕೈ ಹಾಕಿದ ಹಾಗೆ. ಮೂಟೆಗಟ್ಟಲೆ ಧಾನ್ಯ ಮಾರಾಟಕ್ಕೆ ಅಂತ ಬಚ್ಚಿಡುವುದನ್ನು ತಡೆಯಲು 1955ರ ಅಗತ್ಯ ವಸ್ತುಗಳ ಕಾಯ್ದೆಯೂ ಇದೆ. ನಾನು ಹೇಳುತ್ತಿರುವುದು ಎರಡು ಡಬ್ಬದ ಮಾತು. ತಿಂಗಳ ಕಿರಾಣಿಗೆ 300 ರೂಪಾಯಿ ಜಾಸ್ತಿ ಸೇರಿಸಿ. ವರ್ಷದೊಳಗೆ ಡಬ್ಬ ತುಂಬುತ್ತದೆ.

ಹೆಜ್ಜೆ 1: ಯಾವುದು ಯಾವಾಗ ಮುಗಿಯುತ್ತದೆ ಅಂತ ಬರೆದುಕೊಳ್ಳಿ

ಒಂದು ವಾರ ಅಡಿಗೆಮನೆಯಲ್ಲಿ ಒಂದು ಹಾಳೆ ಅಂಟಿಸಿ. ಮನೆಯಲ್ಲಿ ಏನೇನು ಖರ್ಚಾಗುತ್ತದೆ, ಪಕ್ಕದವರು ಏನೇನು ಕೇಳಿಕೊಂಡು ಬರುತ್ತಾರೆ, ಎಲ್ಲ ಬರೆಯಿರಿ. ಪಕ್ಕದವರು ಕೇಳುವುದನ್ನು ಮರೆಯಬೇಡಿ, ಅದೇ ನಿಮ್ಮ ಮಾರುಕಟ್ಟೆ. ನಮ್ಮಲ್ಲಿ ಹೆಚ್ಚಾಗಿ ಬಂದದ್ದು ಸಕ್ಕರೆ, ಬೆಂಕಿಪೊಟ್ಟಣ, ಸೂಜಿ, ಸೆಲ್ಲು, ಹೆಪ್ಪಿಗೆ ಮೊಸರು. ಅಕ್ಕಿ ಕೇಳಿ ಯಾರೂ ಬರಲಿಲ್ಲ.

ಆಮೇಲೆ ಆ ಪಟ್ಟಿಯನ್ನು ಮೂರು ಭಾಗ ಮಾಡಿ. ಮೊದಲ ಮೂರು ದಿನಕ್ಕೆ ಜನರಿಗೆ ಬೇಕಾಗುವುದು ಬೆಳಕು, ಬೆಂಕಿ, ಕುಡಿಯುವ ನೀರು, ಮಗುವಿಗೆ ಹಾಲಿನ ಪುಡಿ, ಫೋನಿಗೆ ಒಂದಿಷ್ಟು ಚಾರ್ಜು. ಎರಡನೇ ವಾರದ ಹೊತ್ತಿಗೆ ಸೋಪು, ಚಹಾಪುಡಿ, ಸಕ್ಕರೆ, ಎಣ್ಣೆ, ಮುಟ್ಟಿನ ಪ್ಯಾಡು, ತಂಬಾಕು. ತಿಂಗಳು ದಾಟಿದ ಮೇಲಿನ ಪಟ್ಟಿ ಬಹಳ ವಿಚಿತ್ರ. ಯಾರೂ ಯೋಚನೆ ಮಾಡಿರದ ಸಣ್ಣ ವಸ್ತುಗಳಿಗೆ ಆಗ ಬೆಲೆ ಬರುತ್ತದೆ: ಹವಾಯಿ ಚಪ್ಪಲಿಯ ಪಟ್ಟಿ, ಲಂಗದ ಲಾಡಿ, ಸೇಫ್ಟಿ ಪಿನ್ನು, ಕುಕ್ಕರಿನ ರಬ್ಬರು, ಸೈಕಲ್ ಟ್ಯೂಬಿಗೆ ಹಾಕುವ ಪ್ಯಾಚು, ಓದುವ ಕನ್ನಡಕ.

ಓದುವ ಕನ್ನಡಕದ ಬಗ್ಗೆ ಒಂದು ನಿಮಿಷ. ಸ್ಟೇಷನ್ ಹೊರಗೆ ಫುಟ್‌ಪಾತಿನಲ್ಲಿ ಪ್ಲಸ್ ಒಂದೂವರೆ, ಪ್ಲಸ್ ಎರಡು ನಂಬರಿನವು ರಾಶಿ ಹಾಕಿಕೊಂಡು ಮಾರುತ್ತಾರಲ್ಲ, ಅವು. ನಲವತ್ತೈದು ದಾಟಿದ ಯಾರ ಕನ್ನಡಕ ಮುರಿದರೂ ಆಮೇಲೆ ಸೂಜಿಗೆ ದಾರ ಹಾಕಲಾಗದು, ಮಾತ್ರೆಯ ಹೆಸರು ಓದಲಾಗದು. ಐದಾರು ಕನ್ನಡಕ ಒಂದು ಬೂಟಿನ ಡಬ್ಬದಲ್ಲಿ ಹಿಡಿಯುತ್ತವೆ. ಕೆಡುವುದಿಲ್ಲ, ಹುಳ ಹಿಡಿಯುವುದಿಲ್ಲ. ಇಷ್ಟು ಕಡಿಮೆ ಜಾಗಕ್ಕೆ ಇಷ್ಟು ಬೆಲೆ ಕೊಡುವ ಸಾಮಾನು ನನಗೆ ಬೇರೆ ಸಿಕ್ಕಿಲ್ಲ.

ಹೆಜ್ಜೆ 2: ಕೊಳ್ಳುವುದು ಏನು, ಎಷ್ಟು

ನನ್ನ ನಿಯಮ ಒಂದೇ. ಗಲಾಟೆ ಆಗದಿದ್ದರೂ ನಮ್ಮ ಮನೆಯಲ್ಲೇ ಖರ್ಚಾಗುವ ಸಾಮಾನು ಮಾತ್ರ. ಹಾಗಾದರೆ ಒಂದು ಪೈಸೆಯೂ ನಷ್ಟವಿಲ್ಲ.

ಬೆಂಕಿಪೊಟ್ಟಣ ಮೊದಲನೆಯದು. 2021ರ ಡಿಸೆಂಬರಿನಲ್ಲಿ ಒಂದು ರೂಪಾಯಿಯದು ಎರಡು ರೂಪಾಯಿ ಆಯಿತು. ಆದರೂ ಇದಕ್ಕಿಂತ ಅಗ್ಗದ ನಾಣ್ಯ ಇಲ್ಲ. ಹತ್ತು ಪೊಟ್ಟಣದ ಕಟ್ಟು ಬರುತ್ತದೆ, ಅಂಥ ಹತ್ತು ಕಟ್ಟು ಸಾಕು. ಜತೆಗೆ ಒಂದು ಡಜನ್ ಲೈಟರು. ಮೇಣದ ಬತ್ತಿಯಲ್ಲಿ ದಪ್ಪದ್ದು ಬೇಡ, ಸಣ್ಣದೇ ಸರಿ. ದಪ್ಪದ್ದನ್ನು ಕತ್ತರಿಸಿ ಕೊಡಲಾಗದು.

ಉಪ್ಪು 10 ಕಿಲೋ. ಅಗ್ಗ, ತೇವದಿಂದ ಕಾದರೆ ಕೆಡುವುದೇ ಇಲ್ಲ, ಎಲ್ಲರಿಗೂ ಬೇಕು. ನಮ್ಮ ಅತ್ತೆಯ ಅಮ್ಮನ ಕಾಲಕ್ಕೆ ಉಡುಪಿ ಕಡೆ ಉಪ್ಪಿನವಳು ಮನೆ ಬಾಗಿಲಿಗೆ ಬಂದು ಉಪ್ಪು ಅಳೆದು ಕೊಟ್ಟು ಭತ್ತ ಅಳೆದು ಒಯ್ಯುತ್ತಿದ್ದಳಂತೆ. ಮಡಕೆ ಕೊಂಡರೆ ಅದರ ತುಂಬ ಭತ್ತ ಕೊಟ್ಟರೆ ಅದೇ ಕ್ರಯ. ಎಷ್ಟು ಸುಲಭದ ಲೆಕ್ಕ, ಅಲ್ವಾ?

ಬಟ್ಟೆ ಸೋಪಿನ ಬಾರು 20. ಸೋಪು ಒಣಗಿದಷ್ಟೂ ಗಟ್ಟಿಯಾಗಿ ಜಾಸ್ತಿ ದಿನ ಬರುತ್ತದೆ. ಚಹಾಪುಡಿ ಎರಡು ಕಿಲೋ, ಸಕ್ಕರೆ ಐದು ಕಿಲೋ. ಮುಂಬೈಯಲ್ಲಿ ಊಟ ಬಿಟ್ಟವರು ಸಿಗಬಹುದು, ಚಹಾ ಬಿಟ್ಟವರು ಸಿಗುವುದಿಲ್ಲ. ಪ್ಯಾಡು ಹತ್ತು ಪ್ಯಾಕೆಟ್. ಇದನ್ನು ಗಂಡಸರು ಬರೆದ ಪಟ್ಟಿಗಳಲ್ಲಿ ನಾನು ನೋಡಿಯೇ ಇಲ್ಲ. ಸೂಜಿ, ದಾರದ ಉರುಳೆ, ಗುಂಡಿ, ಸೇಫ್ಟಿ ಪಿನ್ನು, ದಾಡಿ ಬ್ಲೇಡು ಒಂದೊಂದು ಡಬ್ಬಿ. ಪೆನ್ಸಿಲ್ ಸೆಲ್ಲು 40. ಅಗ್ಗದ ಸೆಲ್ಲು ಎರಡು ಮೂರು ವರ್ಷಕ್ಕೆ ಸೋರಲು ಶುರುವಾಗುತ್ತದೆ. ಆಲ್ಕಲೈನ್ ಅಂತ ಬರೆದಿರುವುದಕ್ಕೆ ದುಡ್ಡು ಜಾಸ್ತಿ, ಬಾಳಿಕೆಯೂ ಜಾಸ್ತಿ.

ನೀರಿನ ವಿಷಯಕ್ಕೆ ಬಂದರೆ, ಬಾಟಲಿ ನೀರು ಸಾಟಿಗೆ ಇಡಲು ಜಾಗ ಸಾಲದು. ನೀರು ಶುದ್ಧ ಮಾಡುವ ಸಾಮಾನು ಇಡಿ. ಪಟಿಕದ ಕಲ್ಲು, ಇಲ್ಲಿನ ಅಂಗಡಿಯಲ್ಲಿ ತುರಟಿ ಅಂತ ಕೇಳಬೇಕು, ಕೆಸರು ನೀರಿನ ಕೆಸರನ್ನು ಕೆಳಗೆ ಕೂರಿಸುತ್ತದೆ. ಆದರೆ ರೋಗಾಣು ಸಾಯುವುದು ಅದರಿಂದಲ್ಲ. ಅದಕ್ಕೆ ಕುದಿಸಬೇಕು ಅಥವಾ ಕ್ಲೋರಿನ್ ಮಾತ್ರೆ ಹಾಕಬೇಕು. ಮಾತ್ರೆಯನ್ನು ಅದರ ಸ್ಟ್ರಿಪ್ಪಿನಿಂದ ಬಿಡಿಸಿ ಇಡಬೇಡಿ, ಎಷ್ಟು ಲೀಟರಿಗೆ ಒಂದು ಅಂತ ಸ್ಟ್ರಿಪ್ಪಿನ ಮೇಲೇ ಬರೆದಿರುತ್ತದೆ. ಬ್ಲೀಚಿಂಗ್ ಪೌಡರ್ ನಾನು ಇಡುವುದಿಲ್ಲ. ತಿಂಗಳು ಕಳೆದ ಹಾಗೆ ಅದರ ಶಕ್ತಿ ಇಳಿಯುತ್ತದೆ, ಎಷ್ಟು ಹಾಕಬೇಕೆಂದು ತಿಳಿಯುವುದಿಲ್ಲ.

ಓಆರ್‌ಎಸ್ ಪೊಟ್ಟಣ 30. ನೀರು ಕೆಟ್ಟ ಊರಲ್ಲಿ ಮೊದಲು ಬರುವುದು ಭೇದಿ. ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಎರಡೂ ತಲೆ ಸವರಿದ ಅಳತೆ. ಇದನ್ನು ಮಾತ್ರ ನಾನು ಸಾಟಿಗೆ ಅಂತ ಇಟ್ಟಿಲ್ಲ. ಮಗುವಿಗೆ ಭೇದಿ ಅಂತ ಬಂದವರ ಹತ್ತಿರ ಬದಲಿಗೆ ಏನು ಕೇಳುವುದು? ಸುಮ್ನೆ ಕೊಡುವುದು.

ತಂಬಾಕು, ಬೀಡಿ, ಸಿಗರೇಟು? ಲೋಕದ ಅನುಭವ ನೋಡಿದರೆ ಇದೇ ಗಟ್ಟಿ ನಾಣ್ಯ. 1992ರಿಂದ 1996ರವರೆಗೆ ಮುತ್ತಿಗೆಗೆ ಸಿಕ್ಕಿದ್ದ ಬೋಸ್ನಿಯಾದ ಸರಾಯೆವೊ ಊರಲ್ಲಿ ಸಿಗರೇಟಿನಿಂದಲೇ ವ್ಯವಹಾರ ನಡೆಯುತ್ತಿತ್ತು. ಅಲ್ಲಿನ ಸಿಗರೇಟು ಕಾರ್ಖಾನೆ ನಿಲ್ಲಲಿಲ್ಲ. ಪ್ಯಾಕಿನ ಕಾಗದ ಮುಗಿದಾಗ ಹಳೇ ಪುಸ್ತಕದ ಹಾಳೆಯಲ್ಲಿ ಸುತ್ತಿ ಕೊಟ್ಟರು. ಆದರೆ ನಮ್ಮ ಮಳೆಗಾಲದಲ್ಲಿ ಬೀಡಿಗೆ ಬೂಷ್ಟು ಹಿಡಿಯುತ್ತದೆ, ನಮ್ಮ ಮನೆಯಲ್ಲಿ ಸೇದುವವರೂ ಇಲ್ಲ. ನನ್ನ ನಿಯಮಕ್ಕೆ ಹೊಂದದು, ಬಿಟ್ಟೆ. ನಿಮ್ಮಿಷ್ಟ.

ಹೆಜ್ಜೆ 3: ಇದು ಬೇಡ

ಪೆಟ್ರೋಲ್ ಬೇಡವೇ ಬೇಡ. ಫ್ಲ್ಯಾಟಿನಲ್ಲಿ ಪೆಟ್ರೋಲ್ ಕ್ಯಾನು ಇಟ್ಟವನು ಇಡೀ ಬಿಲ್ಡಿಂಗಿಗೆ ಕೊಳ್ಳಿ ಇಟ್ಟ ಹಾಗೆ. ಮದ್ಯಕ್ಕೆ ಮಹಾರಾಷ್ಟ್ರದಲ್ಲಿ ಪರ್ಮಿಟ್ ಬೇಕು, ಪರ್ಮಿಟ್ ಇದ್ದರೂ ಇಡುವುದಕ್ಕೆ ಮಿತಿ ಇದೆ. ಜತೆಗೆ, ಕುಡಿತಕ್ಕೆ ಹುಡುಕಿಕೊಂಡು ಬರುವ ಗಿರಾಕಿ ನಿಮ್ಮ ಬಾಗಿಲಿಗೆ ಬೇಡ. ಆ್ಯಂಟಿಬಯಾಟಿಕ್ ಮಾತ್ರೆ ಕೂಡಿಟ್ಟು ಹಂಚುವುದೂ ಬೇಡ. ಯಾರಿಗೆ ಯಾವುದು ಒಗ್ಗದು ಎಂದು ನಮಗೆ ಗೊತ್ತಿಲ್ಲ.

ಬಂಗಾರದ ಸರ ಕತ್ತರಿಸಿ ಎರಡು ಕಿಲೋ ಅಕ್ಕಿ ತರುತ್ತೀರಾ? ಎದುರಿನವನ ಹತ್ತಿರ ಒರೆಗಲ್ಲಿಲ್ಲ, ತೂಗುವ ತಕ್ಕಡಿ ಇಲ್ಲ, ವಾಪಸ್ ಕೊಡಲು ಚಿಲ್ಲರೆ ಇಲ್ಲ. ಬಂಗಾರಕ್ಕೆ ಬೆಲೆ ಬರುವುದು ಎಲ್ಲ ಸರಿಹೋದ ಮೇಲೆ. ಅಲ್ಲಿಯ ತನಕ ಅದು ಕೊರಳಿಗೆ ಅಪಾಯ. ಲಾಕರಿನಲ್ಲೇ ಇರಲಿ.

ಹೆಜ್ಜೆ 4: ಒಡೆದು ಪೊಟ್ಟಣ ಕಟ್ಟಿ

ಇಡೀ ಕೆಲಸದ ಜೀವ ಇಲ್ಲಿದೆ. ಲಾಕ್‌ಡೌನಿನ ಎರಡನೇ ವಾರ ಮೇಲಿನ ಮನೆಯ ಕಾಕು, ಅಂದರೆ ಮರಾಠಿ ಚಿಕ್ಕಮ್ಮ, ನಾಲ್ಕು ಟೊಮೇಟೊ ತಂದು ಸ್ವಲ್ಪ ಚಹಾಪುಡಿ ಕೇಳಿದರು. ನನ್ನ ಹತ್ತಿರ ಇದ್ದದ್ದು ಒಡೆಯದ ಒಂದು ಕಿಲೋ ಪ್ಯಾಕು. ಅವರ ಎದುರೇ ಕತ್ತರಿಸಿದೆ. ಅವರ ಕಣ್ಣು ಪ್ಯಾಕಿನ ಮೇಲೇ ಇತ್ತು. ಒಂದು ಬಟ್ಟಲು ಕೊಟ್ಟರೂ ಕಡಿಮೆ ಕೊಟ್ಟ ಹಾಗೆ ಕಂಡಿತು, ಅವರಿಗೂ, ನನಗೂ. ಅದೇ ಚಹಾಪುಡಿ 25 ಗ್ರಾಮಿನ ಪೊಟ್ಟಣದಲ್ಲಿ ಇದ್ದಿದ್ದರೆ ಎರಡು ಪೊಟ್ಟಣ ಕೈಗಿಟ್ಟು ಮುಗಿಸಬಹುದಿತ್ತು. ಸಾಮಾನು ಅಷ್ಟೇ, ಮನಸ್ಸಿನ ಲೆಕ್ಕ ಬೇರೆ.

ಹಾಗಾಗಿ ಒಂದು ಭಾನುವಾರ ಮಧ್ಯಾಹ್ನ ಕೂತು ಎಲ್ಲವನ್ನೂ ಒಡೆಯಿರಿ. ಚಹಾಪುಡಿ 25 ಗ್ರಾಂ, ಸಕ್ಕರೆ 100 ಗ್ರಾಂ, ಉಪ್ಪು 200 ಗ್ರಾಂ. ಸೋಪಿನ ಬಾರನ್ನು ಹೊಸದಿರುವಾಗಲೇ ದಾರದಿಂದ ನಾಲ್ಕು ತುಂಡು ಮಾಡಿ. ಒಣಗಿದ ಮೇಲೆ ಪುಡಿಯಾಗುತ್ತದೆ. ಸೂಜಿ ಎರಡು, ಕಪ್ಪು ಬಿಳಿ ದಾರ ಒಂದೊಂದು ಗಜ, ಗುಂಡಿ ನಾಲ್ಕು, ಎಲ್ಲ ಸೇರಿಸಿ ಒಂದು ಹಳೇ ಬೆಂಕಿಪೊಟ್ಟಣದೊಳಗೆ. ಎಣ್ಣೆ ಮಾತ್ರ ಒಡೆಯಬೇಡಿ. ತೆರೆದ ಎಣ್ಣೆ ಕಮಟು ಬರುತ್ತದೆ. ಖಾಲಿಯಾದ ಕೆಮ್ಮಿನ ಸಿರಪ್ಪಿನ 100 ಮಿಲಿ ಬಾಟಲಿಗಳನ್ನು ಬಿಸಿನೀರಲ್ಲಿ ತೊಳೆದು, ಹಳೇ ಚೀಟಿ ಕಿತ್ತು, ಒಣಗಿಸಿ ಇಟ್ಟುಕೊಳ್ಳಿ. ಬೇಕಾದ ದಿನ ಅಳೆದು ತುಂಬಿದರಾಯಿತು.

ಪೊಟ್ಟಣಕ್ಕೆ ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲ ಒಳ್ಳೆಯದು. ಅದರ ಒಳಗೆ ಕಾಣುವುದು ಮುಖ್ಯ. ಕಾಣದ್ದನ್ನು ಜನ ನಂಬುವುದಿಲ್ಲ. ಪ್ರತಿ ಪೊಟ್ಟಣದ ಮೇಲೆ ಕಟ್ಟಿದ ತಿಂಗಳು ಬರೆಯಿರಿ.

ಹೆಜ್ಜೆ 5: ಒಂದು ಅಳತೆ ಇಟ್ಟುಕೊಳ್ಳಿ

ಅಡಿಗೆಮನೆಯ ಡಿಜಿಟಲ್ ತಕ್ಕಡಿ ಸೆಲ್ಲು ಮುಗಿದ ದಿನ ಬರೀ ತಟ್ಟೆ. ನಮ್ಮ ಮನೆಯಲ್ಲಿ ಅತ್ತೆ ಊರಿಂದ ತಂದ ಹಿತ್ತಾಳೆಯ ಪಾವು ಇದೆ. ಬಾಯಿ ಒಂದು ಕಡೆ ತಗ್ಗಾಗಿದೆ, ತಳದಲ್ಲಿ ಯಾರದೋ ಹೆಸರಿನ ಮೊದಲಕ್ಷರ ಕೊರೆದಿದೆ. ಅದರಲ್ಲಿ ಅಕ್ಕಿ ತುಂಬಿ ಅಂಗೈಯಿಂದ ತಲೆ ಸವರಿದರೆ ಯಾರೂ ಮರುಮಾತಾಡುವುದಿಲ್ಲ. ನಾಲ್ಕು ಪಾವಿಗೆ ಒಂದು ಸೇರು. ಪಾವು ಇಲ್ಲದಿದ್ದರೆ ಒಂದು ಸ್ಟೀಲ್ ಲೋಟವನ್ನೇ ಅಳತೆ ಅಂತ ಗೊತ್ತು ಮಾಡಿ, ಯಾವಾಗಲೂ ಅದನ್ನೇ ಬಳಸಿ. ಜತೆಗೆ ಕೊಕ್ಕೆಯಿರುವ ಸ್ಪ್ರಿಂಗ್ ತಕ್ಕಡಿ ಒಂದು ಕೊಳ್ಳಿ. ರದ್ದಿವಾಲನ ಕೈಯಲ್ಲಿರುತ್ತದಲ್ಲ, ಅದು. ಆದರೆ ರದ್ದಿವಾಲನ ಹಾಗೆ ತೂಗಬೇಡಿ.

ಅಳತೆ ಇದ್ದವರ ಹತ್ತಿರ ಬೇರೆಯವರ ವ್ಯವಹಾರವೂ ಬರುತ್ತದೆ. ಇಬ್ಬರ ನಡುವೆ ಅಳೆದು ಕೊಟ್ಟರೆ ಒಂದು ಹಿಡಿ ನಿಮಗೂ ಸಿಗುತ್ತದೆ.

ಹೆಜ್ಜೆ 6: ಮಳೆಗಾಲದಿಂದ ಉಳಿಸಿ

ಮೊದಲ ವರ್ಷ ನಾನು ಎಲ್ಲವನ್ನೂ ಪೋಟ್‌ಮಾಳಾದ ಮೇಲೆ, ಅಂದರೆ ಬಾತ್‌ರೂಮಿನ ಮೇಲಿನ ಅಟ್ಟದಲ್ಲಿ, ರಟ್ಟಿನ ಡಬ್ಬದಲ್ಲಿ ತುಂಬಿಟ್ಟೆ. ಏಪ್ರಿಲ್, ಮೇ ಸೆಖೆಗೆ ಮೇಣದ ಬತ್ತಿ ಎಲ್ಲ ಬಾಗಿ ಒಂದಕ್ಕೊಂದು ಅಂಟಿಕೊಂಡು ಒಂದೇ ಗಡ್ಡೆ. ಜುಲೈಯಲ್ಲಿ ಬೆಲ್ಲ ಕರಗಿ ಡಬ್ಬದ ಮೂಲೆಯಿಂದ ಇಳಿದು ಇರುವೆಗಳಿಗೆ ದಾರಿ ತೋರಿಸಿತು. ಬೆಂಕಿಪೊಟ್ಟಣದ ಕಡ್ಡಿ ಗೀರಿದರೆ ತಲೆಯ ಮದ್ದು ಮೆತ್ತಗೆ ಉಜ್ಜಿಹೋಗಿ ಕೆಂಪು ಗೆರೆ ಬಿತ್ತು, ಕಿಡಿ ಬರಲಿಲ್ಲ. ಯಜಮಾನರು ಆ ಮೇಣದ ಗಡ್ಡೆಯನ್ನು ಎತ್ತಿ ಹಿಡಿದು, "ಇದನ್ನು ಯಾರಿಗೆ ಸಾಟಿ ಕೊಡ್ತಿ?" ಅಂತ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

ಈಗ ಮಾಡುವುದು ಹೀಗೆ. ರಟ್ಟಿನ ಡಬ್ಬ ಪೂರ್ತಿ ಬಿಟ್ಟೆ. ಬೆಂಕಿಪೊಟ್ಟಣ, ಸೂಜಿ, ಬ್ಲೇಡು, ಸೆಲ್ಲು ಇವು ತಿರುಗಿಸುವ ಮುಚ್ಚಳದ ಅಗಲ ಬಾಯಿಯ ಬರಣಿಗೆ. ತಳದಲ್ಲಿ ತೆಳು ಬಟ್ಟೆಯಲ್ಲಿ ಕಟ್ಟಿದ ಒಂದು ಹಿಡಿ ಅಕ್ಕಿ. ಅಕ್ಕಿಯನ್ನು ಮೊದಲು ಬಾಣಲೆಯಲ್ಲಿ ಬಿಸಿ ಮಾಡಿ ಆರಿಸಿಕೊಳ್ಳಬೇಕು, ಆಗ ತೇವ ಎಳೆಯುತ್ತದೆ. ಹೊಸ ಬೂಟಿನ ಜತೆ ಬರುವ ಸಣ್ಣ ಬಿಳಿ ಪೊಟ್ಟಣಗಳನ್ನೂ ಎಸೆಯದೆ ಇದಕ್ಕೇ ಹಾಕುತ್ತೇನೆ. ಸೂಜಿ, ಬ್ಲೇಡಿಗೆ ಒಂದು ಹನಿ ಹೊಲಿಗೆ ಮಷಿನ್ ಎಣ್ಣೆ. ಸೆಲ್ಲನ್ನು ಟಾರ್ಚಿನೊಳಗೆ ಬಿಡಬೇಡಿ, ಸೋರಿದರೆ ಟಾರ್ಚೂ ಹೋಯಿತು.

ಮೇಣದ ಬತ್ತಿ ಅಟ್ಟದಿಂದ ಇಳಿದು ಮಂಚದ ಕೆಳಗೆ ಬಂತು. ಮನೆಯಲ್ಲಿ ತಂಪಿರುವ ಜಾಗ ಅದು. ಸೋಪು ಬೇರೆಯೇ ಡಬ್ಬ. ಚಹಾಪುಡಿಯ ಪಕ್ಕ ಸೋಪಿಟ್ಟರೆ ಆಮೇಲೆ ಚಹಾ ಕುಡಿದವರು ಬಟ್ಟೆ ಒಗೆದ ನೀರು ಅನ್ನುತ್ತಾರೆ. ಬೆಲ್ಲವನ್ನು ಪಟ್ಟಿಯಿಂದಲೇ ತೆಗೆದುಹಾಕಿದೆ, ಮುಂಬೈ ಮಳೆಗೆ ಅದು ಸರಿಯಲ್ಲ.

ಧಾನ್ಯ ಇಡುವುದಾದರೆ ಇಲ್ಲಿನ ಮರಾಠಿ ಮನೆಗಳ ಪದ್ಧತಿ ನೋಡಿ ಕಲಿಯಿರಿ. ಮಳೆಗಾಲಕ್ಕೆ ಕೂಡಿಡುವುದಕ್ಕೆ ಅವರು ಬೇಗಮಿ ಅನ್ನುತ್ತಾರೆ. ಮೇ ತಿಂಗಳಲ್ಲಿ ಟೆರೇಸಿನ ಮೇಲೆ ಗೋಧಿ, ಬೇಳೆ ಹರಡಿ ಒಣಗಿಸಿ, ಹರಳೆಣ್ಣೆ ಸವರಿ ಡಬ್ಬಕ್ಕೆ ತುಂಬುತ್ತಾರೆ. ಕಿಲೋಗೆ ಒಂದು ಟೀ ಚಮಚಕ್ಕಿಂತ ಜಾಸ್ತಿ ಬೇಡ. ಎಣ್ಣೆಯ ತೆಳು ಪದರ ಕಾಳಿನ ಮೇಲೆ ಕೂತರೆ ಹುಳ ಮೊಟ್ಟೆಯಿಡಲು ಕಷ್ಟ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ. ನಮ್ಮ ಕಡೆಯವರು ಇದೇ ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಒಣಗಿಸಿ, ಮಾವಿನ ಮಿಡಿ ಉಪ್ಪಿಗೆ ಹಾಕಿ ಭರಣಿ ಕಟ್ಟುತ್ತಿದ್ದರಲ್ಲ, ಅದೂ ಬೇಗಮಿಯೇ. ಹಪ್ಪಳ, ಉಪ್ಪಿನಕಾಯಿ ಸಾಟಿಗೆ ಬಹಳ ಒಳ್ಳೆಯದು. ತಿಂಗಳುಗಟ್ಟಲೆ ಬರೀ ಗಂಜಿ ಉಂಡವನಿಗೆ ಎರಡು ಮಿಡಿ ಉಪ್ಪಿನಕಾಯಿಯ ಬೆಲೆ ಗೊತ್ತು.

ಹೆಜ್ಜೆ 7: ಕೈಕೆಲಸ ಒಂದಾದರೂ ಕಲಿಯಿರಿ

ಸಾಮಾನು ಮುಗಿಯುತ್ತದೆ, ಕೆಲಸ ಮುಗಿಯುವುದಿಲ್ಲ. ಕೂದಲು ಕತ್ತರಿಸುವುದು, ಚಾಕು ಸಾಣೆ ಹಿಡಿಯುವುದು, ಸ್ಟೋವಿನ ಬರ್ನರು ಬಿಚ್ಚಿ ತೊಳೆಯುವುದು, ಚಪ್ಪಲಿ ಹೊಲಿಯುವುದು, ಸೈಕಲ್ ಪಂಕ್ಚರು. ಯಾವುದಾದರೂ ಒಂದು, ಮತ್ತು ಅದರ ಉಪಕರಣ. ನಮ್ಮಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಮಷಿನು ಇದೆ. ಎರಡು ಸಲ ರದ್ದಿಗೆ ಹಾಕುವ ಮಾತಾಗಿತ್ತು, ಈಗ ಆ ಮಾತಿಲ್ಲ.

ಹೆಜ್ಜೆ 8: ಯಾರಿಗೆ ಏನು ಬೇಡ ಅಂತ ತಿಳಿದುಕೊಳ್ಳಿ

ಯಾರಿಗೆ ಏನು ಬೇಕು ಅಂತ ಎಲ್ಲರೂ ನೋಡುತ್ತಾರೆ. ಲಾಭ ಇರುವುದು ಯಾರಿಗೆ ಏನು ಬೇಡ ಅನ್ನುವುದರಲ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನರ ಕೈದಿಯಾಗಿದ್ದ ಒಬ್ಬ ಬ್ರಿಟಿಷ್ ಅರ್ಥಶಾಸ್ತ್ರಜ್ಞ 1945ರಲ್ಲಿ ಶಿಬಿರದ ವ್ಯಾಪಾರದ ಬಗ್ಗೆ ಬರೆದಿದ್ದಾನೆ. ಎಲ್ಲರಿಗೂ ರೆಡ್ ಕ್ರಾಸಿನ ಒಂದೇ ಥರದ ಡಬ್ಬ ಬರುತ್ತಿತ್ತು. ಆದರೂ ವ್ಯಾಪಾರ ಜೋರು, ಸಿಗರೇಟೇ ನಾಣ್ಯ. ಅಲ್ಲಿ ಉರ್ದು ಬಲ್ಲವನೊಬ್ಬ ಸಿಖ್ ಸೈನಿಕರ ಹತ್ತಿರ ಮಾಂಸ ಕೊಂಡು, ಬದಲಿಗೆ ಬೆಣ್ಣೆ, ಜಾಮು ಕೊಟ್ಟು ಲಾಭ ಮಾಡಿಕೊಳ್ಳುತ್ತಿದ್ದ. ಉಳಿದವರಿಗೆ ಭಾಷೆ ಬರುತ್ತಿರಲಿಲ್ಲ, ಅಷ್ಟೇ.

ಮುಂಬೈ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಕನ್ನಡ ಇಲ್ಲವೇ ತುಳು, ಮೆಟ್ಟಿಲಲ್ಲಿ ಮರಾಠಿ, ರಿಕ್ಷಾದಲ್ಲಿ ಹಿಂದಿ, ಅಂಗಡಿಯಲ್ಲಿ ಮುರುಕು ಗುಜರಾತಿ. ನಮ್ಮ ಮಹಡಿಯ ಗುಜರಾತಿ ಬೆನ್, ಅಂದರೆ ಅಕ್ಕ, ಈರುಳ್ಳಿ, ಆಲೂಗಡ್ಡೆ ಮುಟ್ಟುವುದಿಲ್ಲ. ಲಾಕ್‌ಡೌನಿನಲ್ಲಿ ಸೊಸೈಟಿಗೆ ಬಂದ ತರಕಾರಿ ಚೀಲ ಎಲ್ಲ ಮನೆಗೂ ಒಂದೇ ಥರ. ಅವರ ಈರುಳ್ಳಿ ನಮಗೆ, ನಮ್ಮ ದೋಸೆ ಹಿಟ್ಟು ಅವರಿಗೆ. ಅವರಿಗೂ ನನಗೂ ಕಸಕ್ಕೆ ಹೋಗುವುದು ಉಳಿಯಿತು. ನಿಮ್ಮ ಬಿಲ್ಡಿಂಗಿನಲ್ಲಿ ಯಾರ ಮನೆಯಲ್ಲಿ ಕುಚ್ಚಲಕ್ಕಿ ಉಣ್ಣುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಕೂಸು ಇದೆ, ವಾಚ್‌ಮನ್ ಯಾವ ಊರಿನವನು, ಇದು ಈಗಲೇ ಗೊತ್ತಿರಲಿ. ಸಕ್ಕರೆ ಕಾಯಿಲೆಯವರ ಮನೆಗೆ ಬಂದ ರೇಷನ್ ಸಕ್ಕರೆ ಮೊದಲು ಹೊರಗೆ ಬರುತ್ತದೆ.

ಹೆಜ್ಜೆ 9: ಕೊಡು-ಕೊಳ್ಳುವ ರೀತಿ

ಇದಕ್ಕೆ ನನ್ನ ಗುರು ಆ ಭಾಂಡಿವಾಲಿಯೇ. ಅವಳನ್ನು ನೋಡಿ. ಬುಟ್ಟಿಯ ಎಲ್ಲ ಪಾತ್ರೆ ಒಮ್ಮೆಲೇ ಹೊರಗೆ ಬರುವುದಿಲ್ಲ. ಮೊದಲು ನಮ್ಮ ಬಟ್ಟೆ ಬಿಡಿಸಿ ನೋಡುತ್ತಾಳೆ. ಸೀರೆಯನ್ನು ಬೆಳಕಿಗೆ ಹಿಡಿದು ತೂತು ಹುಡುಕುತ್ತಾಳೆ. "ಎವ್ಢಂಚ್ ಕಾ, ತಾಈ?" ಅಂತಾಳೆ, ಇಷ್ಟೇನಾ ಅಕ್ಕ ಅಂತ. ಆಮೇಲೆ ಅತಿ ಸಣ್ಣ ಡಬ್ಬಿ ತೆಗೆದು ಮುಂದಿಡುತ್ತಾಳೆ. ನಾವು ಬೇಡ ಅಂದರೆ ಮಾತಾಡದೆ ಬುಟ್ಟಿ ಕಟ್ಟಲು ಶುರು. ಆ ಕಟ್ಟುವ ಕೈ ಎಷ್ಟು ನಿಧಾನ ಇರುತ್ತದೆ ಅಂದರೆ, ನಾವೇ ಇನ್ನೊಂದು ಶರ್ಟು ತಂದು ಹಾಕುತ್ತೇವೆ. ಹೋಗುವಾಗ ಒಂದು ಚಮಚ ಸುಮ್ನೆ ಕೊಟ್ಟು ಹೋಗುತ್ತಾಳೆ. ಮುಂದಿನ ತಿಂಗಳು ಬಾಗಿಲು ತೆರೆಯುವುದು ಆ ಚಮಚಕ್ಕೆ.

ಅವಳಿಂದ ಕಲಿತು ನಾನು ಬರೆದಿಟ್ಟದ್ದು ಇದು. ಇರುವುದನ್ನೆಲ್ಲ ತೋರಿಸಬೇಡಿ, ಎರಡು ಪೊಟ್ಟಣ ಮಾತ್ರ ಕೈಯಲ್ಲಿ. ಎದುರಿನವರ ಸಾಮಾನು ಬಿಚ್ಚಿ ನೋಡಿ, ಅಕ್ಕಿಯಾದರೆ ಮೂಸಿ, ಎಣ್ಣೆಯಾದರೆ ಒಂದು ಹನಿ ನಾಲಿಗೆಗೆ. ಮನೆಯೊಳಗೆ ವ್ಯವಹಾರ ಬೇಡ, ಕೆಳಗೆ ಪಾರ್ಕಿಂಗಿನಲ್ಲಿ, ಹಗಲು ಹೊತ್ತು, ಜತೆಗೆ ಇನ್ನೊಬ್ಬರು. ಗುರುತಿಲ್ಲದವರ ಹತ್ತಿರ ಒಬ್ಬರೇ ಹೋಗಬೇಡಿ. ಎಲ್ಲಿಂದ ಬಂತು ಅಂತ ಕೇಳಿದರೆ, "ಮನೆಯಲ್ಲಿ ಮಿಕ್ಕಿತ್ತು" ಅನ್ನಿ, ಸಾಕು.

ದರಕ್ಕೆ ಒಂದು ಆಧಾರ ಬೇಕು. ನಮ್ಮದು ಒಂದು ಪಾವು ಅಕ್ಕಿ. ಅದಕ್ಕೆ ಎಷ್ಟು ಬೆಂಕಿಪೊಟ್ಟಣ, ಎಷ್ಟು ಚಹಾ, ಎಷ್ಟು ಸೋಪು ಅಂತ ಇವತ್ತಿನ ಅಂಗಡಿ ಬೆಲೆಯಲ್ಲಿ ಒಂದು ಪಟ್ಟಿ ಮಾಡಿಟ್ಟಿದ್ದೇನೆ. ಆ ದಿನ ಬಂದಾಗ ದರ ಏರುಪೇರಾಗುತ್ತದೆ, ಗೊತ್ತು. ಆದರೆ ಎಲ್ಲಿಂದ ಏರಿತು ಅಂತ ತಿಳಿಯಲು ಒಂದು ಗೆರೆ ಬೇಕಲ್ಲ.

ಚೀಟಿ ನಂಬಬೇಡಿ. ಅರ್ಜೆಂಟೀನಾದಲ್ಲಿ 1995ರಲ್ಲಿ ಒಂದು ಸಣ್ಣ ವಿನಿಮಯ ಕ್ಲಬ್ಬು ಶುರುವಾಯಿತು. 2001ರ ಕೊನೆಗೆ ಬ್ಯಾಂಕಿನಿಂದ ದುಡ್ಡು ತೆಗೆಯಲು ಕಟ್ಟುಪಾಡು ಬಂದಾಗ ಲಕ್ಷಾಂತರ ಜನ ಅಂಥ ಕ್ಲಬ್ಬುಗಳಿಗೆ ಸೇರಿದರು. ಸಾಮಾನಿಗೆ ಬದಲು ಕ್ಲಬ್ಬಿನ ಚೀಟಿ ಓಡಾಡತೊಡಗಿತು. 2002ರಲ್ಲಿ ಖೋಟಾ ಚೀಟಿ ಹೊಳೆಯಾಗಿ ಹರಿದು ಹೆಚ್ಚಿನ ಕ್ಲಬ್ಬುಗಳು ಮುಚ್ಚಿದವು. ನಾಲ್ಕು ಮನೆಗಳ ನಡುವೆ ಬಾಯಿಮಾತಿನ ಸಾಲ ನಡೆಯುತ್ತದೆ. ಬಿಲ್ಡಿಂಗ್ ದಾಟಿದ ಮೇಲೆ ಕೈಗೆ ಕೈ.

ಹೆಜ್ಜೆ 10: ವರ್ಷಕ್ಕೆರಡು ಸಲ ಖಾಲಿ ಮಾಡಿ

ಮೇ ಕೊನೆಯಲ್ಲಿ ಒಮ್ಮೆ, ದೀಪಾವಳಿಯ ಮನೆ ತೊಳೆಯುವಾಗ ಇನ್ನೊಮ್ಮೆ ಎಲ್ಲವನ್ನೂ ನೆಲದ ಮೇಲೆ ಹರಡಿ. ಹಳೇ ಚಹಾಪುಡಿ, ಸಕ್ಕರೆ ಅಡಿಗೆಮನೆಗೆ, ಹೊಸದು ಡಬ್ಬಕ್ಕೆ. ಹಾಲಿನ ಪುಡಿ, ಓಆರ್‌ಎಸ್, ಕ್ಲೋರಿನ್ ಮಾತ್ರೆಯ ತಾರೀಕು ನೋಡಿ. ಎಣ್ಣೆಯ ಪೌಚು ಆರು ತಿಂಗಳು ದಾಟಿದ್ದರೆ ಆ ವಾರವೇ ಕರಿಯಲು ತೆಗೆಯಿರಿ. ಸೆಲ್ಲಿನ ತುದಿಯಲ್ಲಿ ಬಿಳಿ ಪುಡಿ ಕಂಡರೆ ಎಸೆಯಿರಿ, ಕೈ ತೊಳೆಯಿರಿ.

ಕೊನೆಗೆ ಬೆಂಕಿಪೊಟ್ಟಣದ ಬರಣಿ. ತಳದಿಂದ ಒಂದು ಪೊಟ್ಟಣ ತೆಗೆಯಿರಿ, ಮೇಲಿನದ್ದಲ್ಲ. ಒಂದು ಕಡ್ಡಿ ಗೀರಿ. ಹತ್ತಿತಾ? ಅದೇ ಕಡ್ಡಿಯಲ್ಲಿ ದೇವರ ದೀಪ ಹಚ್ಚಿ, ಬರಣಿಯ ಮುಚ್ಚಳ ಬಿಗಿಯಾಗಿ ತಿರುಗಿಸಿಡಿ.